ನಾಲ್ಕನೇ ಮಹಡಿಯ ಕೆರೆ

ಮಧ್ಯಮ ದರ್ಜೆಯ ಹೋಟೆಲುಗಳ ವಿಷಯದಲ್ಲಿ ಈ ಭೂಮಂಡಲದಲ್ಲಿ ನನಗಿಂತ ಹೆಚ್ಚು ತಿಳಿದವನು ಯಾರಾದರೂ ಇದ್ದರೆ ಅವನನ್ನು ತಂದು ನನ್ನೆದುರು ನಿಲ್ಲಿಸಿ, ಒಂದು ಕೈ ನೋಡೇಬಿಡೋಣ! ಹೀಗೆಂದು ನಾನು ನನ್ನ ಹೆಂಡತಿಗೆ ಎದೆ ಉಬ್ಬಿಸಿ ಹೇಳಿದ್ದು ಒಂದು ಭಾನುವಾರ ಬೆಳಿಗ್ಗೆ. ಅವಳು ಆಗ ನನ್ನ ಅಮ್ಮನ ಹಾಸಿಗೆಯ ಹೊದಿಕೆ ಬದಲಾಯಿಸುತ್ತಿದ್ದಳು.

"ಯಾರನ್ನೂ ತಂದು ನಿಲ್ಲಿಸೋದು ಬೇಡ. ಆ ಕಡೆ ಅಂಚು ಸ್ವಲ್ಪ ಹಿಡೀರಿ" ಅಂದಳು.

ಹಿಡಿದೆ. ಹಿಡಿದುಕೊಂಡೇ ಮಾತು ಮುಂದುವರಿಸಿದೆ.

ನನ್ನ ಕೆಲಸ ಏನು ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೋಟೆಲಿನಲ್ಲಿ ಬಿದ್ದಿರುವ ಸೋಮಾರಿ ಅಂದುಕೊಂಡೀರಿ. ನಾನು ಹಲ್ಲಿನ ಡಾಕ್ಟರುಗಳ ಕುರ್ಚಿ ರಿಪೇರಿ ಮಾಡುವವನು. ರೋಗಿ ಬಾಯಿ ತೆರೆದು ಮಲಗಿರುವಾಗ ಮೇಲೇಳಬೇಕಾದ ಕುರ್ಚಿ ಇದ್ದಕ್ಕಿದ್ದ ಹಾಗೆ ಕೆಳಗಿಳಿಯತೊಡಗಿದರೆ ಡಾಕ್ಟರು ಮೊದಲು ದೇವರನ್ನು ನೆನೆಯುತ್ತಾರೆ, ಆಮೇಲೆ ನನಗೆ ಫೋನ್ ಮಾಡುತ್ತಾರೆ. ತಿಂಗಳಲ್ಲಿ ಅರ್ಧದಷ್ಟು ದಿನಗಳು ಊರೂರು ಅಲೆತ. ಕಂಪನಿಯವರು ಎಲ್ಲಿಗೆ ಕಳಿಸಿದರೂ ಒಂದೇ ಹೆಸರಿನ ಹೋಟೆಲಿನಲ್ಲೇ ಇಳಿಸುತ್ತಾರೆ. ಊರಿಗೊಂದು ಬ್ರಾಂಚು, ಬ್ರಾಂಚಿಗೊಂದು ಅವಳಿ ಮಗುವಿನ ಮುಖ. ಒಂದನ್ನು ನೋಡಿದರೆ ಎಲ್ಲವನ್ನೂ ನೋಡಿದ ಹಾಗೆ.

ಅಲ್ಲಿ ಏನು ಸಿಗುತ್ತೆ, ಏನು ಸಿಗಲ್ಲ ಅನ್ನುವುದು ನನಗೆ ಕಂಠಪಾಠ. ಬಾಗಿಲ ಎಡಕ್ಕೆ ಕಾರ್ಡು ಸಿಕ್ಕಿಸುವ ಜಾಗ, ಬಲಕ್ಕೆ ಬಚ್ಚಲು. ಹಾಸಿಗೆಯ ಮೇಲೆ ನಾಲ್ಕು ದಿಂಬು, ಎರಡು ಬರೀ ಬಂಡೆ, ಎರಡು ಬರೀ ಗಾಳಿ. ಕೆಟಲಿನ ವೈರು ಎಷ್ಟು ಗಿಡ್ಡ ಅಂದರೆ, ಅದನ್ನು ನೆಲದ ಮೇಲಿಟ್ಟು ನಾವೂ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರೆ ಮಾತ್ರ ಚಹಾ. ಸೋಪು ಎರಡು ಸಲ ಕೈ ತೊಳೆಯುವಷ್ಟರಲ್ಲಿ ಮಾಯ. ಅಲಮಾರಿಯ ಹ್ಯಾಂಗರುಗಳನ್ನು ಕಂಬಿಯಿಂದ ಬಿಚ್ಚಲು ಬರುವುದಿಲ್ಲ, ನಮ್ಮ ಪ್ರಾಮಾಣಿಕತೆಯ ಮೇಲೆ ಅವರಿಗೆ ಅಷ್ಟು ನಂಬಿಕೆ. ಗೋಡೆಯ ಮೇಲೆ ಒಂದು ದೋಣಿಯ ಚಿತ್ರ, ದೋಣಿಯೊಳಗೆ ನರಪಿಳ್ಳೆಯೂ ಇಲ್ಲ. ಯಾವ ಊರಿನ ಯಾವ ಕೋಣೆಗೆ ಬಿಟ್ಟರೂ ದೀಪ ಹಾಕದೆ ನಡೆದು ಹೋಗಿ ಲೋಟ ತಗೊಂಡು ನೀರು ಕುಡಿದು ಬರಬಲ್ಲೆ.

ಇಷ್ಟು ಅನುಭವದಿಂದ ನಾನೊಂದು ಮಹಾ ಸಿದ್ಧಾಂತ ಕಂಡುಹಿಡಿದಿದ್ದೆ. ಕೋಣೆಗಳೆಲ್ಲ ಒಂದೇ ಆದ ಮೇಲೆ ಕೋಣೆ ನೋಡಿ ಹೋಟೆಲು ಆರಿಸುವವನು ಪೆದ್ದ. ಜಾಣನಾದವನು ಜಾಗ ನೋಡಬೇಕು. ಕಿಟಕಿಯ ಆಚೆ ಏನಿದೆ, ಅದು ಮುಖ್ಯ. ಆ ಲೆಕ್ಕದಲ್ಲಿ ಅಷ್ಟೂ ಬ್ರಾಂಚುಗಳ ಪೈಕಿ ಒಂದೇ ಒಂದು ಕೋಣೆ ಮಾತ್ರ ಮಾಣಿಕ್ಯ. ಅದು ಕೆರೆಯ ಕೋಣೆ.

ಆ ಕೋಣೆಗೆ ನಾನು ಹೋಗಿದ್ದು ಒಂದೇ ಸಲ, ಕೆಲವು ವರ್ಷಗಳ ಹಿಂದೆ. ಬೆಳಗಿನ ರೈಲು ಹಿಡಿಯುವ ಗಡಿಬಿಡಿಯಲ್ಲಿ ಪರದೆ ಸರಿಸಿದರೆ, ಕಿಟಕಿಯ ಕೆಳಗಿಂದಲೇ ನೀರು. ಕಣ್ಣು ಹಾಯುವಷ್ಟು ದೂರ ನೀರು, ತಣ್ಣಗೆ, ಬೆಳ್ಳಗೆ. ತಕ್ಷಣ ಮನೆಗೆ ಫೋನ್ ಮಾಡಿದೆ. ಅಮ್ಮ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಹೊಸತು ಅದು. "ಏನ್ ಹೇಳ್ಲಿ ಕಣೇ, ಎಂಥಾ ಕೆರೆ ಅಂತೀಯಾ" ಅಂತ ವರ್ಣಿಸಿದೆ. ಆ ಕಡೆ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ, "ಒಂದು ಸಲ ನನಗೂ ತೋರಿಸ್ರೀ" ಅಂದಳು.

ಅವಳು ಏನನ್ನೂ ಕೇಳುವವಳಲ್ಲ. ಕೇಳಿದ್ದು ಅದೊಂದೇ. ಅಮ್ಮನ ತಲೆದಿಂಬಿನ ಪಕ್ಕ ಒಂದು ಸಣ್ಣ ಗಂಟೆ ಇಟ್ಟಿದ್ದೇವೆ, ಏನಾದರೂ ಬೇಕಾದರೆ ಅಲ್ಲಾಡಿಸಲಿ ಅಂತ. ಹಗಲಿಲ್ಲ, ರಾತ್ರಿಯಿಲ್ಲ, ಅದು ಕೇಳಿಸಿದರೆ ಇವಳು ಎದ್ದು ನಿಂತಾಯಿತು. ನಾನೂ ಏಳುತ್ತಿದ್ದೆ, ಆದರೆ ಪಾಪ ನನಗೆ ನಿದ್ದೆ ಗಾಢ. ತೀರಾ ಸುಸ್ತಾದಾಗ ಅವಳು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, "ನಿಮ್ಮ ಆ ಕೆರೆ ಹತ್ರ ಹೋಗಿ ಸುಮ್ಮನೆ ಕೂತ್ಕೋಬೇಕು ನೋಡಿ" ಅನ್ನುತ್ತಿದ್ದಳು. ಅಷ್ಟು ಹೇಳಿ ಮತ್ತೆ ಕೆಲಸಕ್ಕೆ ಇಳಿಯುತ್ತಿದ್ದಳು.

ಈ ಸಲ ನನ್ನ ತಂಗಿ ಬಾಯಿಬಿಟ್ಟು ಹೇಳಿದಳು. "ಅತ್ತಿಗೇ, ಎರಡು ದಿನ ನಾನು ಬಂದು ಅಮ್ಮನ್ನ ನೋಡ್ಕೋತೀನಿ. ನೀವಿಬ್ಬರೂ ಎಲ್ಲಾದರೂ ಹೋಗಿ ಬನ್ನಿ. ಆಮೇಲೆ ನನಗೆ ರಜ ಸಿಗಲ್ಲ, ನೋಡಿ ಮತ್ತೆ." ಎರಡೇ ದಿನ. ಇಷ್ಟು ವರ್ಷದಲ್ಲಿ ನನ್ನ ಹೆಂಡತಿಗೆ ಸಿಕ್ಕಿದ್ದು ಅದೇ ಮೊದಲು, ಮುಂದೆ ಯಾವಾಗ ಸಿಗುತ್ತೋ ಆ ದೇವರೇ ಬಲ್ಲ. ಅದನ್ನು ಹಾಳು ಮಾಡಬಾರದು. ಹಾಗಾಗಿ ಅಂದು ಹೊದಿಕೆಯ ಅಂಚು ಹಿಡಿದುಕೊಂಡೇ ಘೋಷಿಸಿದೆ: "ಹೊರಡು. ಕೆರೆ ತೋರಿಸ್ತೀನಿ."

ರೈಲಿನಲ್ಲಿ ನನ್ನ ಉಪನ್ಯಾಸ ನಿಲ್ಲಲೇ ಇಲ್ಲ. ಲಿಫ್ಟಿನ ಪಕ್ಕದ ಕೋಣೆ ಯಾಕೆ ತಗೋಬಾರದು, ಬೆಳಗಿನ ತಿಂಡಿಗೆ ತಡವಾಗಿ ಹೋದರೆ ಸುಟ್ಟ ಬ್ರೆಡ್ಡು ಮಾತ್ರ ಹೇಗೆ ಉಳಿದಿರುತ್ತೆ, ಬ್ರಾಂಚಿನ ಫೋಟೋ ನಂಬಿ ಹೋದವನು ಹೇಗೆ ಕೆಡುತ್ತಾನೆ, ಎಲ್ಲ ವಿವರಿಸಿದೆ. ಅವಳು ನನ್ನ ಹೆಗಲಿಗೆ ಒರಗಿ ಪ್ರತಿಯೊಂದಕ್ಕೂ ತಲೆಯಾಡಿಸುತ್ತಿದ್ದಳು. ಇಷ್ಟು ಶ್ರದ್ಧೆಯಿಂದ ನನ್ನ ಮಾತನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಬಗ್ಗಿ ನೋಡಿದರೆ ತೂಕಡಿಕೆ.

ಹೋಟೆಲು ಮುಟ್ಟಿದಾಗ ಮಧ್ಯಾಹ್ನ. ನನಗೆ ಮೊದಲ ಆಘಾತ ಅಲ್ಲೇ. ಅದರ ಗೋಡೆ ಹಳದಿ ಬಣ್ಣದ್ದು ಅಂತ ನನಗೆ ಗೊತ್ತೇ ಇರಲಿಲ್ಲ. ಯೋಚಿಸಿದರೆ, ಈ ಹೋಟೆಲಿನ ಯಾವ ಬ್ರಾಂಚನ್ನೂ ನಾನು ಹಗಲಲ್ಲಿ ನೋಡಿದವನೇ ಅಲ್ಲ. ಕತ್ತಲಾದ ಮೇಲೆ ಒಳಗೆ ಹೋಗುವುದು, ಬೆಳಕು ಹರಿಯುವಾಗ ಹೊರಗೆ ಬರುವುದು. ಇದನ್ನು ಹೆಂಡತಿಗೆ ಹೇಳಲಿಲ್ಲ. ಪರಿಣತನಾದವನು ಎಲ್ಲವನ್ನೂ ಹೇಳಿಕೊಳ್ಳಬಾರದು.

ರಿಸೆಪ್ಷನ್ನಿನ ಹುಡುಗಿ ನಗುನಗುತ್ತಾ, "ನಿಮಗೆ ಎರಡನೇ ಮಹಡಿಯಲ್ಲಿ ತೋಟದ ಕಡೆ ಕೋಣೆ ಇಟ್ಟಿದೀನಿ ಸರ್. ನಮ್ಮಲ್ಲಿ ಅದೇ ಚೆನ್ನಾಗಿರೋದು. ಮರಗಳು, ಕಲ್ಲುಬೆಂಚು, ಹಕ್ಕಿಗಳು ಬರ್ತಾವೆ" ಅಂದಳು.

"ಬೇಡಮ್ಮ. ನಾಲ್ಕನೇ ಮಹಡಿ, ಹಿಂದುಗಡೆ, ಮೂಲೆ ಕೋಣೆ ಕೊಡಿ."

"ಹಿಂದುಗಡೆನಾ ಸರ್?"

"ಹಿಂದುಗಡೆನೇ."

"ಅದನ್ನ ಯಾರೂ ಕೇಳಿ ತಗೊಳ್ಳಲ್ಲ ಸರ್."

"ಗೊತ್ತಿದ್ದವರು ಕೇಳ್ತಾರೆ" ಅಂದು ಹೆಂಡತಿಯ ಕಡೆ ನೋಡಿ ಕಣ್ಣು ಮಿಟುಕಿಸಿದೆ. ಅವಳು ತೋಟದ ಹೆಸರು ಕೇಳಿ ಒಂದು ಕ್ಷಣ ಆಸೆಯಿಂದ ಆ ಹುಡುಗಿಯ ಕಡೆ ನೋಡಿದಳು, ಆಮೇಲೆ ನನ್ನ ಮುಖ ನೋಡಿ ಬ್ಯಾಗು ಎತ್ತಿಕೊಂಡಳು. ಹುಡುಗಿ ಕಾರ್ಡು ಕೊಟ್ಟಳು.

ಕೋಣೆಯೊಳಗೆ ಕಾಲಿಟ್ಟು ನನ್ನವಳು, "ಅಬ್ಬಾ, ಎಷ್ಟು ಅಚ್ಚುಕಟ್ಟಾಗಿದೆ ರೀ" ಅಂತ ಹಾಸಿಗೆಯ ಮೇಲೆ ಕೈಯಾಡಿಸಿದಳು. ಹಾಸಿಗೆಯಂತೆ, ಹಾಸಿಗೆ! ನಾನು ಅವಳನ್ನು ಅಂಚಿನಲ್ಲಿ ಕೂರಿಸಿ, "ಕಣ್ಣು ಮುಚ್ಚು" ಅಂದೆ. ಮುಚ್ಚಿದಳು. ಕಿಟಕಿಯ ಹತ್ತಿರ ಹೋಗಿ, ಗಂಟಲು ಸರಿಮಾಡಿಕೊಂಡು, ಸರ್ರನೆ ಪರದೆ ಎಳೆದೆ.

ಕೆರೆ ಇರಲಿಲ್ಲ.

ಕೆರೆಯ ಜಾಗದಲ್ಲಿ ಒಂದು ಗೋದಾಮಿನ ತಾರಸಿ ಇತ್ತು. ಕಣ್ಣು ಹಾಯುವಷ್ಟು ದೂರ ತಾರಸಿ. ಬೂದು ಬಣ್ಣದ ಸಿಮೆಂಟು, ನಡುವೆ ಎರಡು ಕಪ್ಪು ಪ್ಲಾಸ್ಟಿಕ್ ಟ್ಯಾಂಕು, ಒಂದು ಮುರಿದ ಮೇಜು, ಹಗ್ಗದ ಮೇಲೆ ಯಾರದೋ ಒಣಗಲು ಹಾಕಿದ ಬನಿಯನ್ನು.

"ಕಣ್ಣು ತೆಗೀಲಾ?"

"ಬೇಡ ಬೇಡ" ಅಂದು ಪರದೆಯನ್ನು ಮತ್ತೆ ಎಳೆದುಬಿಟ್ಟೆ. ಕೋಣೆ ಗವ್ವೆಂದು ಕತ್ತಲಾಯಿತು. ಆ ಹೋಟೆಲಿನ ಪರದೆ ಎರಡು ಪದರದ್ದು, ಕಂಬಳಿಯ ಹಾಗೆ ದಪ್ಪ.

"ಯಾಕ್ರೀ? ಕೆರೆ ಇಲ್ವಾ?"

"ಇಲ್ಲದೆ ಎಲ್ಲಿ ಹೋಗುತ್ತೆ? ಈಗ ಬಿಸಿಲು ನೋಡು, ನೀರಿನ ಮೇಲೆ ಬಿದ್ದು ಕಣ್ಣಿಗೆ ಚುಚ್ಚುತ್ತೆ. ಇಂಥ ಕೆರೇನ ಸಂಜೆ ಮೇಲೆ ನೋಡ್ಬೇಕು. ನೀನು ಮುಖ ತೊಳ್ಕೊಂಡು ಹಾಗೇ ಒರಗಿರು. ನಾನು ಒಂದು ನಿಮಿಷ ಕೆಳಗೆ ಹೋಗಿ ಬರ್ತೀನಿ."

ಲಿಫ್ಟಿಗೆ ಕಾಯದೆ ಮೆಟ್ಟಿಲು ಹಾರಿಕೊಂಡು ಇಳಿದೆ. "ಆ ತೋಟದ ಕೋಣೆ ಇದೆಯಲ್ಲಮ್ಮಾ..."

"ಈಗಷ್ಟೇ ಇನ್ನೊಬ್ಬರಿಗೆ ಕೊಟ್ಟೆ ಸರ್."

"ಹೋಗಲಿ, ಈ ಊರಲ್ಲಿ ಕೆರೆ ಎಲ್ಲಿದೆ?"

"ಈ ಊರಲ್ಲಿ ಕೆರೆ ಇಲ್ಲ ಸರ್."

"ಹೊಳೆ?"

"ಇಲ್ಲ ಸರ್."

"ನಿಮ್ಮ ಈಜುಕೊಳ ಇದೆಯಲ್ಲ?"

"ಅದರ ನೀರು ತೆಗೆದು ಟೈಲ್ಸ್ ಹಾಕಿಸ್ತಿದೀವಿ ಸರ್."

ನನ್ನ ಹಣೆಬರಹಕ್ಕೆ ಆ ಊರಿನಲ್ಲಿ ನೀರು ಅಂತ ಇದ್ದದ್ದು ನನ್ನ ಕಣ್ಣಲ್ಲಿ ಮಾತ್ರ. ಹೊರಗೆ ಬಂದು ಸುತ್ತು ಹಾಕಿ ಗೋದಾಮಿನ ಗೇಟಿಗೆ ಹೋದೆ. ವಾಚ್‌ಮನ್ ಸ್ಟೂಲಿನ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದ. ನನ್ನ ವಯಸ್ಸಿನವನೇ.

"ಈ ತಾರಸಿ ಮೇಲೆ ಯಾವಾಗಲಾದರೂ ನೀರು ನಿಲ್ಲುತ್ತಾ?" ಅಂತ ಕೇಳಿದೆ.

ಅವನು ಧಡಕ್ಕನೆ ಎದ್ದು ನಿಂತ. "ಇನ್ಶೂರೆನ್ಸಿನವರಾ ಸಾರ್?"

"ಅಲ್ಲಪ್ಪಾ, ಸುಮ್ಮನೆ ಕೇಳಿದೆ."

"ಈಗ ನಿಲ್ಲಲ್ಲ. ಕೆಲವು ವರ್ಷದ ಹಿಂದೆ ಒಂದ್ಸಲ ಪೈಪಿಗೆ ಕಸ ಕಟ್ಕೊಂಡು ರಾತ್ರಿ ಮಳೆ ನೀರೆಲ್ಲ ಮೇಲೇ ನಿಂತುಬಿಡ್ತು. ಗೋಡೆ ಅಂಚಿನ ತನಕ ನೀರು. ಒಳಗೆ ಪೂರ್ತಿ ಕಾಗದದ ಸರಕು. ನೆನೆದು ಅಂಟಾಗಿ, ನಮ್ಮ ಮಾಲೀಕರು ಇಲ್ಲೇ ಈ ಗೇಟ್ ಹತ್ರ ಕೂತು ಅತ್ತುಬಿಟ್ರು."

"ಎಷ್ಟು ಚೆನ್ನಾಗಿತ್ತು ಗೊತ್ತಾ" ಅಂತ ನನ್ನ ಬಾಯಿಂದ ಜಾರಿಬಿಟ್ಟಿತು.

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಸುಕಿನ ಮಬ್ಬಿನಲ್ಲಿ, ಕನ್ನಡಕ ಬ್ಯಾಗಿಗೆ ಹಾಕಿಟ್ಟು, ಬರಿಗಣ್ಣಲ್ಲಿ ಈ ತಾರಸಿಯನ್ನು ನೋಡಿ ನಾನು ಕೆರೆ ಅಂದುಕೊಂಡಿದ್ದು, ವರ್ಷಗಟ್ಟಲೆ ಹೆಂಡತಿಯ ಆಸೆ ಬೆಳೆಸಿದ್ದು, ಈಗ ಅವಳನ್ನು ಮೇಲೆ ಕತ್ತಲಲ್ಲಿ ಕೂರಿಸಿ ಬಂದಿದ್ದು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಹೇಳಿ, ಅವನ ಕೈ ಹಿಡಿದುಕೊಂಡು ಕೇಳಿದೆ: "ಈಗ ನೀನು ಮನಸ್ಸು ಮಾಡಿದರೆ ಆಗುತ್ತೆ ಮಾರಾಯ. ಆ ಪೈಪಿಗೆ ಒಂದು ಗೋಣಿಚೀಲ ತುರುಕಿ, ಆ ಟ್ಯಾಂಕಿನ ನಲ್ಲಿ ಬಿಟ್ಟರೆ, ಸಂಜೆ ಹೊತ್ತಿಗೆ ಒಂದು ಸಣ್ಣ ಕೆರೆ..."

ವಾಚ್‌ಮನ್ ಮೆಲ್ಲಗೆ ಕೈ ಬಿಡಿಸಿಕೊಂಡ. "ಹೊಸದಾಗಿ ಮದುವೆ ಆಗಿದೀರಾ ಸಾರ್?"

"ಮಗಳ ಮದುವೆನೇ ಆಗಿದೆ."

"ಹಾಗಾದ್ರೆ ಹೋಗಿ ನಿಜ ಹೇಳಿಬಿಡಿ. ಅವರಿಗೆ ನಿಮ್ಮದು ಅಭ್ಯಾಸ ಆಗಿರುತ್ತೆ."

ತಲೆ ತಗ್ಗಿಸಿಕೊಂಡು ವಾಪಸು ಬಂದೆ. ಲಿಫ್ಟಿನ ಕನ್ನಡಿಯಲ್ಲಿ ಕಂಡ ಪರಿಣತನ ಮುಖ ನೋಡುವ ಹಾಗಿರಲಿಲ್ಲ. ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡು, ಕೋಣೆಯ ಬಾಗಿಲು ತೆರೆದೆ.

ಅವಳು ಮಲಗಿಬಿಟ್ಟಿದ್ದಳು.

ಮುಖ ಕೂಡ ತೊಳೆದಿರಲಿಲ್ಲ. ಬ್ಯಾಗಿನ ಜಿಪ್ಪು ಅರ್ಧ ಎಳೆದು ಹಾಗೇ ಬಿಟ್ಟಿದ್ದಳು. ಹಾಸಿಗೆಗೆ ಅಡ್ಡಡ್ಡ ಬಿದ್ದು, ಒಂದು ಕಾಲು ಕೆಳಗೆ ಜೋತಾಡುತ್ತಾ, ಆ ಕಾಲಲ್ಲಿ ಚಪ್ಪಲಿ ಇನ್ನೂ ಹಾಗೇ ಇತ್ತು. ನಾನು ಬಂಡೆ ಅಂತ ಹೀಗಳೆದ ದಿಂಬನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದಳು. ಬಾಯಿ ಚೂರು ತೆರೆದಿತ್ತು.

ಸತ್ಯ ಹೇಳುತ್ತೇನೆ, ನನಗೆ ಮೊದಲು ಹೊಳೆದದ್ದು 'ಸದ್ಯ, ಬಚಾವಾದೆ' ಅಂತ. ಆಮೇಲೆ ಚಪ್ಪಲಿ ಬಿಚ್ಚಲು ಬಗ್ಗಿದಾಗ ಅವಳ ಹಿಮ್ಮಡಿ ನೋಡಿದೆ. ಒಡೆದು ಬಿರುಕು ಬಿಟ್ಟಿತ್ತು. ಇವಳು ಹಗಲು ಹೊತ್ತು ಮಲಗಿದ್ದನ್ನು ಕೊನೆಯ ಸಲ ಯಾವಾಗ ನೋಡಿದ್ದೆ ಅಂತ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಚಪ್ಪಲಿ ತೆಗೆದು, ಕಾಲು ಮೇಲೆತ್ತಿ ಇಟ್ಟು, ಹೊದಿಸಿದೆ. ಅಷ್ಟಕ್ಕೂ ಅವಳಿಗೆ ಎಚ್ಚರವಾಗಲಿಲ್ಲ.

ಒಂದು ಕುರ್ಚಿ ಎಳೆದುಕೊಂಡು ಕೂತೆ. ಅಲ್ಲಿಂದ ಶುರುವಾಯಿತು ನೋಡಿ ಯುದ್ಧ.

ಮೊದಲು ಬಾಗಿಲ ಹತ್ತಿರ ಹೆಜ್ಜೆ ಸಪ್ಪಳ, ತಟ್ಟುವ ಮೊದಲೇ ನೆಗೆದು ಬಾಗಿಲು ತೆರೆದೆ. ಕೋಣೆ ಗುಡಿಸುವ ಹೆಂಗಸು ಟವೆಲು ಹಿಡಿದು ನಿಂತಿದ್ದಳು. ತುಟಿಯ ಮೇಲೆ ಬೆರಳಿಟ್ಟು ಟವೆಲು ಕಿತ್ತುಕೊಂಡು ಬಾಗಿಲು ಹಾಕಿದೆ. ಪಾಪ, ನನ್ನನ್ನು ಟವೆಲು ಕಳ್ಳ ಅಂದುಕೊಂಡಿರಬೇಕು. ಅಷ್ಟರಲ್ಲಿ ನನ್ನ ಜೇಬಿನಲ್ಲಿ ಮೊಬೈಲು ಗುರ್ ಅಂದಿತು. ಬಚ್ಚಲಿಗೆ ಓಡಿ, ಕಮೋಡಿನ ಮುಚ್ಚಳದ ಮೇಲೆ ಕೂತು, ಪಿಸುಗುಟ್ಟಿದೆ. ತಂಗಿ.

"ಅಣ್ಣಾ, ಅತ್ತಿಗೆಗೆ ಫೋನ್ ಕೊಡು. ಅಮ್ಮನ ಬೆನ್ನಿನ ಮುಲಾಮು ಸಿಗ್ತಿಲ್ಲ."

"ಅವಳು ಮಲಗಿದ್ದಾಳೆ. ನಾನು ಹೇಳ್ತೀನಿ. ಅಲಮಾರಿಯಲ್ಲಿ ನೋಡು."

"ಯಾವ ಅಲಮಾರಿ?"

"ಅದೇ... ಬಾಗಿಲು ಇರೋದು."

"ಬಾಗಿಲು ಇಲ್ಲದ ಅಲಮಾರಿ ಯಾವುದಿದೆ ಅಣ್ಣಾ?"

"ಹಾಗಾದ್ರೆ ಅಡುಗೆಮನೆ ಗೂಡಲ್ಲಿ ನೋಡು."

"ಮುಲಾಮು ಅಡುಗೆಮನೆಯಲ್ಲಿ ಯಾಕಿರುತ್ತೆ? ನೀನು ಈ ಮನೇಲೇ ತಾನೇ ಇರೋದು?"

ಯಾವ ಊರಿನ ಹೋಟೆಲಾದರೂ ಕಣ್ಣು ಕಟ್ಟಿದರೂ ಸೋಪು ಎಲ್ಲಿದೆ ಅಂತ ಹೇಳಬಲ್ಲ ನನಗೆ ಸ್ವಂತ ಮನೆಯಲ್ಲಿ ಸ್ವಂತ ಅಮ್ಮನ ಮುಲಾಮು ಎಲ್ಲಿದೆ ಅಂತ ಗೊತ್ತಿರಲಿಲ್ಲ. "ಒಂದು ನಿಮಿಷ ಎಬ್ಬಿಸು ಅಣ್ಣಾ, ಕೇಳಿ ಹಾಗೇ ಮಲಗಿಸು" ಅಂದಳು ತಂಗಿ. ಬಾಗಿಲು ಸಂದಿನಿಂದ ನೋಡಿದೆ. ಅಮ್ಮನ ಬೆನ್ನು ನೋವು ಕಣ್ಣ ಮುಂದೆ ಬಂತು. ಎಬ್ಬಿಸಲೋ ಬೇಡವೋ ಅಂತ ಎದ್ದು ನಿಂತವನು ಹಾಗೇ ನಿಂತುಬಿಟ್ಟೆ. ಅಷ್ಟರಲ್ಲಿ ಫೋನಿನಲ್ಲಿ ಅಮ್ಮನ ದನಿ ಬಂತು.

"ಎಬ್ಬಿಸೀಯೆ ಮತ್ತೆ, ನೋಡು. ಮುಲಾಮು ಇಲ್ಲೇ ನನ್ನ ದಿಂಬಿನ ಆ ಕಡೆ ಬಿದ್ದಿತ್ತು, ಸಿಕ್ತು."

"ಸರಿ ಅಮ್ಮಾ."

"ಎಷ್ಟು ಹೊತ್ತಾಯ್ತೋ ಮಲಗಿ?"

"ಬಂದಾಗಿನಿಂದ."

"ಮಲಗಲಿ ಬಿಡು. ನಾನು ಗಂಟೆ ಮುಟ್ಟೋಕೆ ಮುಂಚೆನೇ ಎದ್ದು ಬಂದಿರ್ತಾಳೆ ಕಣೋ ಅವಳು. ಎಷ್ಟೋ ಸಲ ನಾನೇ ನಿದ್ದೆ ಬಂದೋರ ಹಾಗೆ ಕಣ್ಣು ಮುಚ್ಕೋತೀನಿ, ಹೋಗಿ ಒಂದು ಗಳಿಗೆ ಮಲಗಲಿ ಅಂತ. ಆದರೂ ಹೋಗಲ್ಲ, ನಿಂತೇ ಇರ್ತಾಳೆ."

ಫೋನ್ ಇಟ್ಟ ಮೇಲೆ ನಾನು ಮತ್ತೆ ಆ ಮುಚ್ಚಳದ ಮೇಲೆ ಕೂತೆ. ಅಳು ಬಂತು. ಗಂಡಸು, ಮಗಳ ಮದುವೆ ಮಾಡಿದವನು, ಹೋಟೆಲಿನ ಬಚ್ಚಲಲ್ಲಿ ಕೂತು ಅಳುವುದೇ ಅಂತ ನೀವು ನಗಬಹುದು, ನಗಿ. ಅಳು ಮುಗಿಸಿ ಮುಖ ತೊಳೆದೆ. ಸೋಪು ಅಷ್ಟಕ್ಕೇ ಮಾಯವಾಯಿತು.

ಹೊರಗೆ ಬರುವಷ್ಟರಲ್ಲಿ ಹಾಸಿಗೆಯ ಪಕ್ಕದ ಫೋನು ಬಾಯಿ ತೆರೆಯಿತು. ಮೊದಲ ರಿಂಗು ಮುಗಿಯುವ ಮುಂಚೆ ಅದರ ಮೇಲೆ ಬಿದ್ದೆ. ರಿಸೆಪ್ಷನ್ನಿನ ಹುಡುಗಿ ಉತ್ಸಾಹದಿಂದ ಹೇಳಿದಳು: "ಸರ್, ನಿಮ್ಮ ಅದೃಷ್ಟ. ತೋಟದ ಕೋಣೆಯವರು ಕಾರ್ಯಕ್ರಮ ಬದಲಾಯಿಸಿ ಹೊರಟುಬಿಟ್ರು. ಈಗಲೇ ಬಂದರೆ ಕೊಡ್ತೀನಿ. ಇನ್ನೊಬ್ಬರು ಇಲ್ಲೇ ನಿಂತು ಕೇಳ್ತಿದ್ದಾರೆ."

ತೋಟ. ಮರಗಳು, ಕಲ್ಲುಬೆಂಚು, ಹಕ್ಕಿಗಳು. ಅದನ್ನು ತೋರಿಸಿ ಕೆರೆಯ ಸುಳ್ಳನ್ನು ಮುಚ್ಚಿಹಾಕಬಹುದಿತ್ತು. ನನ್ನ ಸಿದ್ಧಾಂತವೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಬೇಕಾದದ್ದು ಒಂದೇ, ಅವಳ ಭುಜ ಮುಟ್ಟಿ 'ಏಳೇ' ಅನ್ನುವುದು.

"ಅವರಿಗೇ ಕೊಟ್ಟುಬಿಡಿ" ಅಂತ ಪಿಸುಗುಟ್ಟಿದೆ.

"ಸರ್? ಅಷ್ಟು ಕೇಳಿದ್ರಲ್ಲ?"

"ನನ್ನ ಹೆಂಡತಿ ಮಲಗಿದ್ದಾಳಮ್ಮ."

"ಓ" ಅಂದಳು ಹುಡುಗಿ. ಆಮೇಲೆ ಅವಳೂ ದನಿ ತಗ್ಗಿಸಿ, "ಆಯ್ತು ಸರ್" ಅಂತ ಪಿಸುಗುಟ್ಟಿದಳು. ಏನು ಹೇಳಿಕಳಿಸಿದಳೋ ಏನೋ, ಆಮೇಲೆ ಆ ಕಾರಿಡಾರಿನಲ್ಲಿ ಒಂದು ಬಕೆಟ್ಟಿನ ಸದ್ದೂ ಕೇಳಲಿಲ್ಲ.

ಸಂಜೆಯಾಯಿತು, ಊಟದ ಹೊತ್ತೂ ದಾಟಿತು, ಅವಳು ಏಳಲಿಲ್ಲ. ಒಂದೇ ಒಂದು ಸಲ ಮಗ್ಗುಲು ಬದಲಾಯಿಸಿ, "ಅತ್ತೆ ಗಂಟೆ ಕೇಳಿಸ್ತಾ?" ಅಂತ ಕಣ್ಣು ಮುಚ್ಚಿಕೊಂಡೇ ಎದ್ದು ಕೂರಲು ನೋಡಿದಳು. "ಇಲ್ಲ, ನೀನು ಮಲಗು" ಅಂದೆ. ಹಾಗೇ ಬಿದ್ದುಕೊಂಡಳು. ನಾನು ಬ್ಯಾಗಿನಲ್ಲಿದ್ದ ಬಿಸ್ಕತ್ತನ್ನು ಸದ್ದಾಗದ ಹಾಗೆ ಬಾಯಲ್ಲಿ ನೆನೆಸಿ ನೆನೆಸಿ ತಿಂದೆ.

ಅವಳು ಕಣ್ಣು ಬಿಟ್ಟಾಗ ಮರುದಿನ ತಿಂಡಿಯ ಹೊತ್ತು ಮೀರಿತ್ತು. ಕತ್ತಲ ಕೋಣೆಯಲ್ಲಿ ಎರಡು ನಿಮಿಷ ಎಲ್ಲಿದ್ದೇನೆ ಅಂತ ತಡಕಾಡಿ, ಧಡಬಡಿಸಿ ಎದ್ದು ಕೂತಳು.

"ಅತ್ತೆ ಮಾತ್ರೆ..."

"ಕೊಟ್ಟಾಯ್ತಂತೆ. ಬೆಳಗ್ಗೆ ಮಾತಾಡ್ದೆ."

"ಬೆಳಗ್ಗೆನಾ? ಈಗ ಗಂಟೆ ಎಷ್ಟ್ರೀ?"

ಹೇಳಿದೆ. ಅವಳ ಮುಖ ಬಾಡಿಹೋಯಿತು. "ಅಯ್ಯೋ, ಎಂಥಾ ಕೆಲಸ ಆಯ್ತು. ನೀವು ಅಷ್ಟು ಆಸೆಪಟ್ಟು ಕರ್ಕೊಂಡು ಬಂದ್ರಿ. ಎರಡು ದಿನದಲ್ಲಿ ಒಂದು ದಿನಾನೇ ಮಲಗಿ ಹಾಳು ಮಾಡಿದೆನಲ್ಲ. ಸಂಜೆ ಕೆರೆ ನೋಡೋಣ ಅಂದಿದ್ರಿ, ಎಬ್ಬಿಸಬಾರದಿತ್ತಾ?" ಕಣ್ಣಲ್ಲಿ ನೀರು ತುಂಬಿಕೊಂಡಳು.

ಇನ್ನು ತಡೆಯಲಾಗಲಿಲ್ಲ. ಎದ್ದು ಹೋಗಿ ಪರದೆ ಸರಿಸಿದೆ. ಬೆಳಕು ಒಳಗೆ ನುಗ್ಗಿತು. ತಾರಸಿ, ಟ್ಯಾಂಕು, ಮುರಿದ ಮೇಜು. ಅಂದು ಬನಿಯನ್ನಿನ ಜೊತೆ ಒಂದು ಲುಂಗಿಯೂ ಇತ್ತು.

"ಇದೇ ಕಣೇ" ಅಂದೆ.

"ಯಾವುದು?"

"ಕೆರೆ."

ಅವಳು ಹಾಸಿಗೆಯ ಮೇಲಿಂದಲೇ ಕತ್ತು ಉದ್ದ ಮಾಡಿ ನೋಡಿದಳು. ನಾನು ಮಳೆ, ಕಸ ಕಟ್ಟಿದ ಪೈಪು, ಬ್ಯಾಗಿನಲ್ಲಿದ್ದ ಕನ್ನಡಕ, ವಾಚ್‌ಮನ್, ಗೋಣಿಚೀಲ, ಕೈಬಿಟ್ಟ ತೋಟ, ಒಂದೂ ಬಿಡದೆ ಒಪ್ಪಿಸಿದೆ. ಗೋಣಿಚೀಲದ ಹತ್ತಿರ ಬರುವಾಗ ಅವಳ ಭುಜ ಅಲ್ಲಾಡತೊಡಗಿತು. ಅಳುತ್ತಿದ್ದಾಳೆ ಅಂದುಕೊಂಡು ಹತ್ತಿರ ಹೋದೆ. ನಗುತ್ತಿದ್ದಳು. ದಿಂಬಿಗೆ ಮುಖ ಒತ್ತಿಕೊಂಡು, ಹೊಟ್ಟೆ ಹಿಡಿದುಕೊಂಡು, ಮದುವೆಯಾದ ಹೊಸದರಲ್ಲಿ ನಗುತ್ತಿದ್ದ ಹಾಗೆ ನಗುತ್ತಿದ್ದಳು. ನೋಡಿ ನನಗೂ ನಗು ಬಂತು, ಜೊತೆಗೆ ಸ್ವಲ್ಪ ಧೈರ್ಯವೂ ಬಂತು.

"ಹಾಗಾದ್ರೆ ಏಳು. ಮುಖ ತೊಳ್ಕೋ. ಇಡೀ ದಿನ ಇದೆ. ಎಲ್ಲಿ ಹೋಗೋಣ ಹೇಳು. ಟ್ಯಾಕ್ಸಿ ಮಾಡಿಸ್ತೀನಿ, ಎಷ್ಟು ದೂರ ಆದ್ರೂ ಸರಿ, ನಿಜವಾದ ಕೆರೇನೇ ತೋರಿಸ್ತೀನಿ."

ಅವಳು ಕಣ್ಣೊರೆಸಿಕೊಂಡಳು. ಕಾಲು ಚಾಚಿದಳು. ಹೊದಿಕೆಯನ್ನು ಗಲ್ಲದವರೆಗೂ ಎಳೆದುಕೊಂಡು, ಬಂಡೆಯಂಥ ದಿಂಬನ್ನು ತಲೆಯ ಕೆಳಗೆ ಸರಿಮಾಡಿಕೊಂಡು, ನನ್ನನ್ನು ಕನಿಕರದಿಂದ ನೋಡಿದಳು.

"ಇಂಥ ಹಾಸಿಗೆ ಬಿಟ್ಟು ಇಷ್ಟು ವರ್ಷ ಕಿಟಕಿ ನೋಡ್ತಾ ಕೂತಿದ್ರಾ? ಆ ಪರದೆ ಎಳೀರಿ ಮೊದಲು."

ಎಳೆದೆ.